ಏನು ಬೇಕ್ರಿ? ಇಲ್ಲಿ ಬರೀರಿ

ಸಂಕ್ರಾಂತಿಯ ಮರುದಿನ ನನ್ನ ಮಗ ಕಲ್ಮೇಶ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತಲೇ ಹೆಂಡತಿಗೆ ಗಡುವು ಕೊಟ್ಟ.

"ಯುಗಾದಿ ತನಕ ನೋಡೂಣು. ನಡೀತು, ನಡೀತು. ಇಲ್ಲಂದ್ರ ಆ ವೆಬ್‌ಸೈಟ್ ಬಂದ್ ಮಾಡಿ ಸಾಲಿ ಆಫೀಸಿನ ನೌಕರಿಗೆ ಹೊಳ್ಳಿ ಹೋಗು. ಹೆಡ್ ಮೇಡಮ್ ಇನ್ನೂ ಜಾಗಾ ಖಾಲಿ ಇಟ್ಟಾರ."

ಸೊಸೆ ಪ್ರಮಿಳಾ ಅವನ ತಾಟಿಗೆ ಝುಣಕ ಹಾಕಿದಳು. ನನ್ನ ಹೆಂಡತಿ ಲಕ್ಷ್ಮೀ ಮಾತ್ರ ಸುಮ್ಮನಿರುವ ಪೈಕಿ ಅಲ್ಲ.

"ಎಂಟ ತಿಂಗಳಾತು, ನಾವಿಬ್ಬರೂ ಹಪ್ಪಳ ಲಟ್ಟಿಸಿ ಲಟ್ಟಿಸಿ ರಟ್ಟಿ ಬಿದ್ದು ಹೋಗ್ಯಾವ. ಕುಂತಲ್ಲೇ ಬಂದ್ ಮಾಡಂದ್ರ ಹೆಂಗಪಾ?"

"ಲಟ್ಟಸೂದು ಖರೇ ಅವ್ವಾ. ಕೊಳ್ಳಾವ್ರು ಬೇಕಲ್ಲ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಖಾನಾಪುರದಲ್ಲಿ ನನ್ನ ತಮ್ಮ ಭರಮಪ್ಪನ ಹೊಲದ ನಾಚಣಿ, ಅಂದರೆ ರಾಗಿ, ತಂದು, ಹಿಟ್ಟು ಮಾಡಿ, ಹಪ್ಪಳ ಮಾಡಿ, ಜೊತೆಗೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ, ಸದಾಶಿವನಗರದ ನಮ್ಮ ಮನೆಯಿಂದಲೇ ಊರೂರಿಗೆ ಕಳಿಸುವ ವ್ಯಾಪಾರ ಪ್ರಮಿಳಾಳದು. ಕಲ್ಮೇಶನ ಗೆಳೆಯ ರೋಹನ ಅವಳಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ದಿನಕ್ಕೆ ಒಂದೋ ಎರಡೋ ಆರ್ಡರ್ ಬರುತ್ತಿದ್ದವು. ಒಮ್ಮೊಮ್ಮೆ ಅದೂ ಇಲ್ಲ. ಹಪ್ಪಳದ ಡಬ್ಬಿಗಳು ನನ್ನ ಮಂಚದ ಕೆಳಗಿನ ತನಕ ಬಂದಿದ್ದವು.

ನಾನು ಗಜಾನನ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಹದಿನೆಂಟು ವರ್ಷ ಬೆಳಗಾವಿ–ಖಾನಾಪುರ ರೂಟಿನಲ್ಲೇ. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಪೇಪರು ಓದುವುದು, ಲಕ್ಷ್ಮಿಯ ಕೈಲಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಸೊಸೆಯ ಮುಖ ಸಪ್ಪಗಾದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನ ಅವಳು ಲ್ಯಾಪ್‌ಟಾಪ್ ತೆರೆದು ಕೂತಾಗ ಬಾಜೂಕ ಕುರ್ಚಿ ಎಳೆದುಕೊಂಡೆ.

"ಏನದು ಗೆರಿ, ಹಾವು ಹರಿದಂಗ?"

"ಇದು ಅನಲಿಟಿಕ್ಸ್ ಅಂತ ಮಾವಾರ. ನಮ್ಮ ಸೈಟಿಗೆ ಎಷ್ಟ ಮಂದಿ ಬಂದ್ರು, ಯಾವ ಊರಿಂದ ಬಂದ್ರು, ಯಾವ ಪೇಜಿನ್ಯಾಗ ಎಷ್ಟೊತ್ತು ನಿಂತ್ರು, ಎಲ್ಲಿಂದ ಹೊಂಟ ಹೋದ್ರು, ಎಲ್ಲಾ ತೋರಸ್ತೈತಿ. ಇದನ್ನ ತಿಳ್ಕೊಂಡ್ರ ವ್ಯಾಪಾರ ಬೆಳಸಬಹುದು ಅಂತ ರೋಹನ ಹೇಳ್ಯಾನ್ರಿ. ನನಗ ಅರ್ಧ ತಿಳೀವಲ್ದು."

ಕನ್ನಡಕ ಏರಿಸಿ ನೋಡಿದೆ. ಎಲಾ ಇದರ! ಇದು ನನ್ನ ವೇ ಬಿಲ್ಲೇ ಅಲ್ಲವೇ? ಯಾವ ಸ್ಟೇಜಿನಲ್ಲಿ ಎಷ್ಟು ಮಂದಿ ಹತ್ತಿದರು, ಯಾವ ಸ್ಟೇಜಿನಲ್ಲಿ ಎಷ್ಟು ಮಂದಿ ಇಳಿದರು ಎಂದು ಮೂರು ದಶಕ ಬರೆದದ್ದು ಇದನ್ನೇ. ಅನಲಿಟಿಕ್ಸ್ ಅಂತೆ! ಹೆಸರಿಗೆ ಹೆದರಿದ್ದೆ, ಒಳಗೆ ನಮ್ಮ ಮನೆಯದೇ ಲೆಕ್ಕ.

"ಎಲ್ಲಿ ಹತ್ತಿದ್ರು, ಎಲ್ಲಿ ಇಳದ್ರು. ಇಷ್ಟ ಹೌದಲ್ಲ?"

"ಹೌದ್ರಿ ಮಾವಾರ, ಇಷ್ಟ!" ಅವಳಿಗೆ ನಗು ಬಂತು. ವಾರದ ಮೇಲೆ ಅವಳು ನಕ್ಕದ್ದು ಅಂದೇ.

ಎರಡು ದಿನದಲ್ಲಿ ನಾನು ಸೈಟಿನ ರೋಗ ಪತ್ತೆ ಹಚ್ಚಿದೆ. ದಿನಕ್ಕೆ ನಲವತ್ತು ಮಂದಿ ಬರುತ್ತಿದ್ದರು. ಮೂವತ್ತು ಮಂದಿ ಮೊದಲ ಪೇಜಿನಲ್ಲೇ ಇಳಿದು ಹೋಗುತ್ತಿದ್ದರು. ಉಳಿದ ಹತ್ತು ಮಂದಿ ಹಪ್ಪಳದ ಕಡೆ ತಿರುಗಿಯೂ ನೋಡದೆ ಸೀದಾ 'ನಮ್ಮ ಮನೆತನ' ಎಂಬ ಪೇಜಿಗೆ ಹೋಗಿ ನಿಲ್ಲುತ್ತಿದ್ದರು. ಅಲ್ಲೇನಿದೆ ಎಂದು ತೆರೆದು ನೋಡಿದರೆ ನನ್ನ ಅವ್ವನ ಫೋಟೋ, ಅದರ ಕೆಳಗೆ ಅವ್ವ ಕೊಡುವ ಔಷಧದ ಬಗ್ಗೆ ಪ್ರಮಿಳಾ ಬರೆದ ನಾಲ್ಕು ಸಾಲು.

ನನ್ನ ಅವ್ವ ಮಾಯಕ್ಕ. ವಯಸ್ಸು ಎಂಬತ್ತನಾಲ್ಕು. ಖಾನಾಪುರದಲ್ಲಿ ಭರಮಪ್ಪನ ಜೊತೆ ಇದ್ದಾಳೆ. ಕಾಮಾಲೆಗೆ, ನಮ್ಮ ಕಡೆ ಕಾಮಣಿ ಅನ್ನುತ್ತೇವೆ, ಅವಳು ಗಿಡಮೂಲಿಕೆಯ ಔಷಧ ಕೊಡುತ್ತಾಳೆ. ಅವಳ ಅತ್ತೆಯಿಂದ ಬಂದ ವಿದ್ಯೆ. ಐತವಾರ, ಅಂದರೆ ಭಾನುವಾರ, ನಸುಕಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಮಜ್ಜಿಗೆಯಲ್ಲಿ. ಬಿಸಿಲು ಏರಿತೋ, ಮುಗಿಯಿತು, ಮುಂದಿನ ಐತವಾರವೇ ಬರಬೇಕು. ಒಂದು ರೂಪಾಯಿ ಮುಟ್ಟುವುದಿಲ್ಲ. ಕೊಡುವ ಮುಂಚೆ ಕಣ್ಣು ನೋಡುತ್ತಾಳೆ, ಉಗುರು ನೋಡುತ್ತಾಳೆ, ಹೊಟ್ಟೆ ಒತ್ತಿ ನೋಡುತ್ತಾಳೆ. ಹತ್ತು ಮಂದಿ ಬಂದರೆ ನಾಲ್ಕೈದು ಮಂದಿಗೆ ಔಷಧವೇ ಇಲ್ಲ, "ದವಾಖಾನಿಗೆ ಹೋಗು, ಇವತ್ತ ಹೋಗು" ಅನ್ನುತ್ತಾಳೆ. ಬಸುರಿಯರು ಬಂದರಂತೂ ಕೂರಲಿಕ್ಕೂ ಬಿಡುವುದಿಲ್ಲ. ಭರಮಪ್ಪನನ್ನು ಜೊತೆಗೆ ಕಳಿಸಿ ಬಸ್ಸು ಹತ್ತಿಸಿಯೇ ಬಿಡುತ್ತಾಳೆ.

"ಮಂದಿ ನಿನ್ನ ಹಪ್ಪಳಕ್ಕ ಬರಾಕತ್ತಿಲ್ಲ ಪ್ರಮಿಳಾ, ನಮ್ಮವ್ವಗ ಬರಾಕತ್ತಾರ. ಮಂದಿ ಎಲ್ಲಿ ನಿಂತಾರ, ಬಸ್ ಅಲ್ಲಿ ನಿಂದರಸಬೇಕು."

"ಆದ್ರ ಖಾನಾಪುರದ ಆಯಿ ಔಷಧ ಮಾರೂದಿಲ್ಲಲ್ರಿ?"

"ಯಾರ ಮಾರಂದ್ರು? ಔಷಧ ಧರ್ಮಕ್ಕ. ಬಾಜೂಕ ನಾಚಣಿ ಹಿಟ್ಟು ಇಡು, 'ಪಥ್ಯಕ್ಕೆ' ಅಂತ ಬರಿ."

ಹಾಗೆ ಅವ್ವನ ಹೆಸರಿನಲ್ಲಿ ಬೇರೆ ಪೇಜು ಆಯಿತು. 'ಖಾನಾಪುರದ ಮಾಯಕ್ಕಜ್ಜಿಯ ಕಾಮಾಲೆ ಔಷಧ.' ಅವ್ವನಿಗೆ ಹೇಳಿದೆನೇ? ಇಲ್ಲ. ಅವಳಿಗೆ ಇದೆಲ್ಲ ಏನು ತಿಳಿದೀತು ಎಂದುಕೊಂಡೆ. ಹುಡುಕುವ ಡಬ್ಬಿಯೊಂದು ಪ್ರತಿ ಪೇಜಿನ ನೆತ್ತಿಯ ಮೇಲೆ ಇತ್ತು. ಹಪ್ಪಳ ಬೇಕಾದವರು ಹಪ್ಪಳ ಎಂದು, ಚಟ್ನಿ ಬೇಕಾದವರು ಚಟ್ನಿ ಎಂದು ಹೊಡೆಯುವ ಜಾಗ. ಅದರ ಮೇಲೆ ಇಂಗ್ಲಿಷಿನಲ್ಲಿ 'ಸರ್ಚ್' ಎಂದಿತ್ತು. ನಮ್ಮ ಮಂದಿಗೆ ಅದೇನು ಹಿಡಿಸುತ್ತದೆ? ಬಸ್ಸಿನಲ್ಲಿ ನಾನು "ಎಲ್ಲಿಗ್ರಿ?" ಎಂದು ಬಾಯಿ ತುಂಬ ಕೇಳಿದವನು. ಅದನ್ನು ತೆಗೆಸಿ 'ಏನು ಬೇಕ್ರಿ? ಇಲ್ಲಿ ಬರೀರಿ' ಎಂದು ಬರೆಸಿದೆ. ಪ್ರಮಿಳಾಳೂ ಚಲೋ ಆಯಿತೆಂದಳು.

ಹತ್ತು ದಿನದಲ್ಲಿ ನಲವತ್ತು ಹೋಗಿ ನಾನೂರಾಯಿತು. ಆದರೆ ನನ್ನ ಕಣ್ಣು ಇಳಿಯುವವರ ಮೇಲೇ ಇತ್ತು. ಪೇಜನ್ನು ಎಷ್ಟು ಕೆಳಗಿನ ತನಕ ಓದುತ್ತಾರೆ ಎಂಬುದಕ್ಕೂ ಒಂದು ಲೆಕ್ಕ ಇತ್ತು. ನೂರಕ್ಕೆ ಅರವತ್ತು ಮಂದಿ ಒಂದೇ ಸಾಲಿನ ಹತ್ತಿರ ಬಂದು ಬಿಟ್ಟು ಹೋಗುತ್ತಿದ್ದರು. ಕೆಳಗಿದ್ದ ನಾಚಣಿ ಹಿಟ್ಟಿನ ತನಕ ಬರುತ್ತಲೇ ಇರಲಿಲ್ಲ.

ಆ ಸಾಲು ಹೀಗಿತ್ತು: 'ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಅಜ್ಜಿ ಔಷಧ ಕೊಡುವುದಿಲ್ಲ, ಅವರನ್ನೂ, ರೋಗ ಬಲಿತವರನ್ನೂ ತಡ ಮಾಡದೆ ದವಾಖಾನೆಗೆ ಕಳಿಸುತ್ತಾಳೆ.'

"ಇದನ್ನ ತಗದ ಬಿಡು," ಅಂದೆ.

ಪ್ರಮಿಳಾ ಕೈ ಹಿಂದಕ್ಕೆ ತೆಗೆದಳು. "ಇದು ಇರ್ಲಿ ಬಿಡ್ರಿ ಮಾವಾರ. ಆಯಿ ಖರೇನ ಹಂಗ ಮಾಡ್ತಾರಲ್ಲ?"

"ಮಾಡ್ತಾಳ. ಬಂದ ಮ್ಯಾಲ ಅಕಿನ ನೋಡಿ ಹೇಳ್ತಾಳಲ್ಲ? ಬಸ್ ಹತ್ತಾಕಿಂತ ಮೊದಲ ಮುಂದ ರಸ್ತಾ ಸರಿ ಇಲ್ಲಂತ ಕಂಡಕ್ಟರ್ ಒದರಿದ್ರ ಯಾವ ಹತ್ತತಾನ? ಯುಗಾದಿ ನೆನಪೈತಿಲ್ಲೋ?"

ಯುಗಾದಿಯ ಮಾತು ಬಂದ ಮೇಲೆ ಅವಳು ಮತ್ತೆ ಕೀಲಿ ಒತ್ತಿದಳು. ಸಾಲು ಹೋಯಿತು. ಆ ಜಾಗದಲ್ಲಿ ನಾನೇ ಹೇಳಿ ಬರೆಸಿದೆ: 'ಅಜ್ಜಿಯ ಬಾಗಿಲಿಗೆ ಬಂದವರು ಯಾರೂ ಬರಿಗೈಲಿ ಹೋಗಿಲ್ಲ.' ಬರೆಸಿ, ಒಂದೆರಡು ಸಲ ಜೋರಾಗಿ ಓದಿ, ಹೆಮ್ಮೆಪಟ್ಟುಕೊಂಡೆ. ಥೂ, ಈಗ ನೆನೆಸಿದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಮಂದಿ ನಿಂತರು. ಮುಂಚೆ ಅರ್ಧ ನಿಮಿಷ ಇದ್ದವರು ಎರಡು ನಿಮಿಷ, ಮೂರು ನಿಮಿಷ ನಿಂತರು. ಹಿಟ್ಟಿನ ಆರ್ಡರ್ ದಿನಕ್ಕೆ ಹದಿನೈದು, ಇಪ್ಪತ್ತು. ಹಿಟ್ಟಿನ ಜೊತೆ ಹಪ್ಪಳವೂ ಹೋಗಿ ನನ್ನ ಮಂಚದ ಕೆಳಗೆ ಖಾಲಿಯಾಯಿತು. ಲಕ್ಷ್ಮೀ ಹಿಟ್ಟು ಜರಡಿ ಹಿಡಿಯಲಿಕ್ಕೆ ಪಕ್ಕದ ಓಣಿಯ ಇಬ್ಬರು ಹೆಂಗಸರನ್ನು ಕರೆದಳು. ಕಲ್ಮೇಶ ಊಟಕ್ಕೆ ಕೂತಾಗ, "ಅಪ್ಪಾ, ನೀನ ಮ್ಯಾನೇಜರ್ ಆಗಿಬಿಡು," ಅಂದ. ಯುಗಾದಿಯ ಸುದ್ದಿ ತೆಗೆಯಲಿಲ್ಲ. ಪ್ರಮಿಳಾ ನನ್ನ ತಾಟಿಗೆ ಕೇಳದೇ ತುಪ್ಪ ಹಾಕಿದಳು.

ಫೆಬ್ರುವರಿಯಲ್ಲಿ ಒಂದು ಸೋಮವಾರ ಭರಮಪ್ಪ ಖಾನಾಪುರದಿಂದ ನಾಚಣಿ ಚೀಲ ತಂದ. ಚೀಲ ಇಳಿಸಿದವನು ನೀರು ಕುಡಿಯುವ ಮುಂಚೆಯೇ ಜಗಳ ತೆಗೆದ.

"ಅಣ್ಣಾ, ನಿನ್ನಿ ನಮ್ಮ ಬಾಗಲದಾಗ ಎಪ್ಪತ್ತ ಮಂದಿ! ಧಾರವಾಡದಿಂದ ಬಂದಾರ, ಗೋವಾದಿಂದ ಬಂದಾರ. ಅವ್ವ ಹತ್ತ ಮಂದಿ ಕಣ್ಣು ನೋಡೂವಕ್ಕಿ. ಎಪ್ಪತ್ತ ಮಂದಿನ್ನ ಹೆಂಗ ನೋಡ್ಬೇಕು? ಬಿಸಲ ಏರಿತು, ಅರ್ಧಾ ಮಂದಿ ಹಂಗ ಹೊಳ್ಳಿ ಹೋದ್ರು. ಒಬ್ಬಕ್ಕಿ ಹೆಣ್ಣಮಗಳು ಗ್ವಾಡಿ ಹಿಡ್ಕೊಂಡು ವಾಂತಿ ಮಾಡಿದ್ಲು. ನಾ ಹೋಗೂದ್ರಾಗ ರಿಕ್ಷಾ ಹತ್ತಿ ಹೋಗಿದ್ರು."

"ಹೆಸರು ಬಂದೈತಿ ತಮ್ಮಾ. ಖುಷಿ ಪಡು."

"ಯಾರ ತಂದ್ರು ಹೆಸರ?"

ನಾನು ಚೀಲದ ಬಾಯಿ ಕಟ್ಟುತ್ತಿರುವಂತೆ ನಟಿಸಿದೆ. ಸಂಜೆ ಅವ್ವನೂ ಫೋನಿನಲ್ಲಿ ಕೇಳಿದಳು. "ಗಜ್ಯಾ, ಈ ಮಂದಿಗೆ ನನ್ನ ಹೆಸರ ಯಾರ ಹೇಳಾಕತ್ತಾರಪಾ?"

"ಬಾಯಿಂದ ಬಾಯಿಗೆ ಹೋಗಿರಬೇಕವ್ವಾ," ಅಂದೆ. ಅವ್ವನಿಗೆ ಸುಳ್ಳು ಹೇಳಿ ನಲವತ್ತು ವರ್ಷ ಆಗಿತ್ತು.

ಅಷ್ಟರಲ್ಲಿ ನನಗೊಂದು ಹೊಸ ಚಟ ಹತ್ತಿತ್ತು. ಈಗ ಈ ಕ್ಷಣ ಸೈಟಿನಲ್ಲಿ ಯಾರಿದ್ದಾರೆ, ಯಾವ ಪೇಜಿನಲ್ಲಿದ್ದಾರೆ ಎಂದು ತೋರಿಸುವ ಜಾಗವೊಂದಿತ್ತು. ಹೆಸರು ಗೊತ್ತಾಗದು, ಬರೀ ಊರು, ಅದೂ ಹತ್ತಿರದ ದೊಡ್ಡ ಊರು. ಹೊಸಬರೋ ಹಳಬರೋ ಎಂಬುದು ಮಾತ್ರ ತಿಳಿಯುತ್ತಿತ್ತು. ಒಬ್ಬರು ಮಾತ್ರ ದಿನಾ ಬರುತ್ತಿದ್ದರು. ಬೆಳಗಾವಿ ಎಂದು ತೋರಿಸುತ್ತಿತ್ತು. ಮುಂಜಾನೆ ಒಂಬತ್ತಕ್ಕೆ ಒಮ್ಮೆ, ಇಳಿಹೊತ್ತಿಗೆ ನಾಲ್ಕಕ್ಕೆ ಒಮ್ಮೆ. ಒಂದೇ ಫೋನು, ಅವ್ವನ ಪೇಜು, ಹತ್ತು ಹದಿನೈದು ನಿಮಿಷ. ಬಸ್ಸಿನಲ್ಲಿ ದಿನಾ ಬರುವ ಪಾಸಿನವರು ಇರುತ್ತಾರಲ್ಲ, ಅವರ ಮೇಲೆ ಕಂಡಕ್ಟರನಿಗೆ ಒಂದು ಮಮತೆ. ಹಾಗೆ ಇವರಿಗೂ 'ನಮ್ಮ ಪಾಸಿನವರು' ಎಂದು ಹೆಸರಿಟ್ಟೆ.

"ಪ್ರಮಿಳಾ, ಪಾಸಿನವರು ಬಂದ್ರೇನವಾ?"

"ಬಂದಾರ್ರಿ ಮಾವಾರ, ಕುಂತಾರ."

"ಭಾರೀ ಪಾಸಿನವರು!" ಎಂದು ಲಕ್ಷ್ಮೀ ಚಾಷ್ಟಿ ಮಾಡುತ್ತಿದ್ದಳು. "ಒಂದ ಹಪ್ಪಳಾ ಕೊಂಡಿಲ್ಲ, ದಿನಾ ಬಂದು ನಿಮ್ಮವ್ವನ ಮಾರಿ ನೋಡ್ಕೊಂತ ಕುಂದರ್ತಾರ."

ಶಿವರಾತ್ರಿ ಮುಗಿದ ಮೂರನೇ ದಿನ ಪಾಸಿನವರು ಬರಲಿಲ್ಲ. ಮರುದಿನವೂ ಇಲ್ಲ. ನಾಲ್ಕು ದಿನ ಕಾದೆ. ನನಗೆ ಸಿಟ್ಟೇ ಬಂತು ಅನ್ನಿ. ಹಂಗ ಹೆಂಗ ಬಿಟ್ಟು ಹೋದರು? ನಾವೇನು ಕಡಿಮೆ ಮಾಡಿದೆವು?

"ಕಡೇ ಸಲ ಬಂದಾಗ ಏನ ನೋಡಿ ಇಳದಾರ, ತಗಿ ನೋಡೂಣು," ಅಂದೆ.

ಮುಂಜಾನೆ ಹನ್ನೊಂದರ ಸುಮಾರು. ಲಕ್ಷ್ಮೀ ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಪ್ರಮಿಳಾ ಎಲ್ಲೆಲ್ಲೋ ಒತ್ತಿ, ಅದೊಂದೇ ಫೋನಿನ ಹೆಜ್ಜೆಗಳನ್ನು ಹುಡುಕಿ ತೆಗೆದಳು.

"ಮಾವಾರ, ಇವ್ರು ಬಂದಾಗೆಲ್ಲಾ ಹುಡುಕೂ ಡಬ್ಬಿಯೊಳಗ ಏನೋ ಬರದಾರ್ರಿ."

"ಏನ ಬರದಾರ?"

"ಆ ಪಟ್ಟಿ ನಾ ಒಮ್ಮೆನೂ ತಗದ ನೋಡಿಲ್ಲ. ಸಿಗದ ಹುಡುಕಾಟ ಇಷ್ಟು ಅಂತ ನಂಬರ್ ಕಾಣಸ್ತಿತ್ತು. ಚಟ್ನಿ ಹೆಸರ ತಪ್ಪ ಹೊಡೀತಿರಬೇಕು ಅನ್ಕೊಂಡಿದ್ದೆ."

ಒತ್ತಿದಳು. ಪಟ್ಟಿ ತೆರೆಯಿತು. ಪ್ರಮಿಳಾ ಜೋರಾಗಿ ಓದತೊಡಗಿದಳು.

'ಅಜ್ಜಿ ನಮಸ್ಕಾರ್ರಿ. ನನ್ನ ಕಣ್ಣು ಹಳದಿ ಆಗ್ಯಾವ್ರಿ. ನಿಮ್ಮ ಔಷಧ ಬೇಕ್ರಿ.' ಸಿಕ್ಕಿದ್ದು: 0.

'ಅಜ್ಜಿ ನಾ ಏಳ ತಿಂಗಳ ಬಸುರಿ ಅದೀನ್ರಿ. ಔಷಧ ನಡೀತೈತೇನ್ರಿ.' ಸಿಕ್ಕಿದ್ದು: 0.

'ಅಜ್ಜಿ ನಿನ್ನೆನೂ ಬರದಿದ್ದೆ. ಉತ್ತರ ಬರಲಿಲ್ಲ.' ಸಿಕ್ಕಿದ್ದು: 0.

ಪ್ರಮಿಳಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡೆ. ಮುಂದಿನದನ್ನು ಓದಿದೆ.

'ನಮ್ಮ ಮನಿಯವರು ದವಾಖಾನಿಗೆ ಹೋಗೂಣು ಅಂತಾರ್ರಿ. ಅತ್ತಿ ಬ್ಯಾಡ ಅಂತಾರ. ಅಜ್ಜಿ ಬಾಗಲಿಗೆ ಹೋದವರು ಯಾರೂ ಬರಿಗೈಲಿ ಬಂದಿಲ್ಲಂತ, ಅಜ್ಜಿ ಉತ್ತರ ಬರ್ಲಿ ಅಂತಾರ.'

'ಐತವಾರ ಬಂದಿದ್ವಿ ಅಜ್ಜಿ. ಮಂದಿ ಭಾಳ ಇತ್ತು. ನನಗ ನಿಂದ್ರಾಕ ಆಗಲಿಲ್ಲ. ಹೊಳ್ಳಿ ಬಂದ್ವಿ.'

'ಊಟ ಹೋಗವಲ್ದು. ಏನ ತಿನ್ನಲಿ ಅಜ್ಜಿ.'

'ಯಾರ ಕೈಲಾದ್ರೂ ಕೊಟ್ಟ ಕಳಸ್ರಿ. ದೇಸೂರ ಟೇಸನ್ ಹಿಂದ ಶಿವಬಸವ್ವನ ಮನಿ ಅಂದ್ರ ತೋರಸ್ತಾರ. ನಾ ಸೊಸಿ ಸಮೃದ್ಧಿ.'

ಪ್ರತಿಯೊಂದರ ಮುಂದೆಯೂ ಸೊನ್ನೆ. ಹತ್ತೊಂಬತ್ತು ದಿನ. ಕಡೆಯದು ಇಷ್ಟೇ ಇತ್ತು:

'ಅಜ್ಜಿ ಕೂಸು ಮಿಸುಕಾಡವಲ್ದು.'

ದೇಸೂರ! ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಆ ಸ್ಟೇಜಿನಲ್ಲಿ ಸಾವಿರ ಸಲ ಸೀಟಿ ಊದಿದ್ದೇನೆ. ಅಲ್ಲಿ ಕೂತು ಒಂದು ಹುಡುಗಿ ಹತ್ತೊಂಬತ್ತು ದಿನ ಬರೆದಿದ್ದಾಳೆ, ನಾನು ಇಲ್ಲಿ ಕೂತು ಪಾಸಿನವರು ಬಂದರು, ಪಾಸಿನವರು ಬಂದರು ಎಂದು ಕುಣಿದಿದ್ದೇನೆ.

ಅವಳದು ಒಂದೇ ಅಲ್ಲ. ಪಟ್ಟಿ ಕೆಳಗೆ ಹೋಗುತ್ತಲೇ ಇತ್ತು. 'ಅಜ್ಜಿ ನನ್ನ ಮಗನಿಗೆ ಆರು ವರ್ಷ.' 'ಅಜ್ಜಿ, ಕುಡಿಯುವವರಿಗೆ ನಡೆಯುತ್ತದೆಯೇ?' ಏನು ಬೇಕ್ರಿ ಎಂದು ಕೇಳಿದ್ದೆನಲ್ಲ, ಮಂದಿ ಬರೆದಿದ್ದರು.

ಮನುಷ್ಯನ ಬುದ್ಧಿ ನೋಡಿ. ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಸೊಸೆಯ ಮೇಲೆ.

"ಇದನ್ನ ನೀ ಯಾಕ ಮೊದಲ ನೋಡಲಿಲ್ಲ? ಸೈಟು ನಿಂದೋ ನಂದೋ?"

ಪ್ರಮಿಳಾ ಎದ್ದು ನಿಂತಳು. ಮದುವೆಯಾಗಿ ಆರು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಅಂದೇ.

"ನೀವು ಎಣಿಕಿ ನೋಡ್ರಿ ಅಂದ್ರಿ, ನಾ ಎಣಿಕಿ ನೋಡ್ದೆ. ಆ ಸಾಲ ತಗೀಬ್ಯಾಡ್ರಿ ಅಂತ ಅಂದಿದ್ನೋ ಇಲ್ಲೋ? ಹೇಳ್ರಿ! ಅಂದಿದ್ನೋ ಇಲ್ಲೋ?"

"ಯಾವ ಸಾಲು?" ಬಾಗಿಲಲ್ಲಿ ಲಕ್ಷ್ಮೀ ನಿಂತಿದ್ದಳು, ಕೈಯಲ್ಲಿ ಖಾಲಿ ಮೊರ.

ಪ್ರಮಿಳಾ ಅಳುತ್ತ ಹೇಳಿದಳು. ಎಲ್ಲಾ ಹೇಳಿದಳು. ಲಕ್ಷ್ಮೀ ಮೊರವನ್ನು ಮೆಲ್ಲಗೆ ಗೋಡೆಗೆ ಆನಿಸಿಟ್ಟು ನನ್ನ ಮುಂದೆ ಬಂದಳು.

"ಕಲ್ಮೇಶ ಹೊಟ್ಟ್ಯಾಗ ಇದ್ದಾಗ ನನಗ ಕಾಮಣಿ ಆಗಿತ್ತು. ನೆನಪೈತೇನ್ರಿ? ನಿಮ್ಮವ್ವ ನನಗ ಹನಿ ಔಷಧಾ ಕೊಡಲಿಲ್ಲ. ನಡು ರಸ್ತಾದಾಗ ನಿಂತು, ಕಟ್ಟಿಗಿ ಟ್ರಕ್ಕಿಗೆ ಅಡ್ಡ ಕೈ ಮಾಡಿ, ಬೆಳಗಾವಿ ದವಾಖಾನಿಗೆ ಕಳಸಿದ್ರು. ನೀವು ಡ್ಯೂಟಿ ಮ್ಯಾಲ ಇದ್ರಿ. ಅವತ್ತ ನಿಮ್ಮವ್ವ ಆ ಮಾತ ಹೇಳದಿದ್ರ ನಿಮಗ ಮಗಾ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ."

ನೆನಪಿತ್ತು. ನೆನಪಿದ್ದೂ ತೆಗೆಸಿದ್ದೆ.

ಕಲ್ಮೇಶನಿಗೆ ಫೋನು ಹೋಯಿತು. ಉದ್ಯಮಬಾಗದ ಕಾರ್ಖಾನೆಯಿಂದ ಅರ್ಧ ತಾಸಿನಲ್ಲಿ ಬಂದ. ನಿಂತಲ್ಲೇ ಪಟ್ಟಿ ಓದಿದ.

"ಪ್ರಮಿಳಾ, ಆ ಪೇಜ್ ಮೊದಲ ತಗಿ. ಆಮ್ಯಾಲ ಈ ಪಟ್ಟ್ಯಾಗ ಯಾರ್ಯಾರ ಫೋನ್ ನಂಬರ್ ಬರದಾರ ನೋಡು. ಒಬ್ಬೊಬ್ಬರಿಗೂ ನಾ ಫೋನ್ ಮಾಡ್ತೀನಿ."

"ದೇಸೂರಿಂದು ನಂಬರ್ ಇಲ್ರಿ. ಬರೇ ಮನಿ ಗುರ್ತು ಐತಿ."

"ಹಂಗಾರ ನೀನ ಹೋಗಿ ಬಾ ಕಲ್ಮೇಶ," ಅಂದೆ.

"ಅವ ಯಾಕ ಹೋಗ್ಬೇಕು?" ಲಕ್ಷ್ಮೀ ಅಂದಳು. "ನೀವ ಹೋಗ್ರಿ. ಮೊದಲ ನಿಮ್ಮವ್ವಗ ಹೇಳ್ರಿ."

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಎಲ್ಲಿಂದ ಶುರು ಮಾಡಿ ಎಲ್ಲಿ ಮುಗಿಸಿದೆನೋ ಗೊತ್ತಿಲ್ಲ. ಆ ಕಡೆ ಕುರಿ ಒದರುವುದು ಕೇಳುತ್ತಿತ್ತು.

"ದೇಸೂರ ಟೇಸನಿಗೆ ಬಾ. ನಾನೂ ಬರ್ತೀನಿ."

"ನೀ ಬರೂದು ಬ್ಯಾಡವ್ವಾ. ಔಷಧ ಕೊಡಾವ್ರು ರೋಗಿ ಮನಿ ಹೊಸ್ತಲಾ ತುಳೀಬಾರದಂತ ನೀನ..."

"ಬಾಯಿ ಮುಚ್ಚಿ ಬಾ," ಅಂದಳು ಅವ್ವ.

ನಾನೂ ಪ್ರಮಿಳಾಳೂ ಬಸ್ಸಿನಲ್ಲಿ ಹೋದೆವು. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಹಳೆಯ ಗುರುತಿನವನು, "ಏನ್ರಿ ಗಜಾನನಣ್ಣಾ, ಆರಾಮಾ?" ಅಂದ. ತಲೆ ಆಡಿಸಿದೆ. ಭರಮಪ್ಪ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಸ್ಟೇಷನ್ನಿನ ಮುಂದೆ ನಿಂತಿದ್ದ. ಅವ್ವ ನನ್ನ ಮುಖ ನೋಡಲಿಲ್ಲ. ಪ್ರಮಿಳಾಳ ಕೈ ಹಿಡಿದುಕೊಂಡು ಮುಂದೆ ನಡೆದಳು. ಹಾದಿಯಲ್ಲಿ ಕಂಡ ಒಬ್ಬರು ಶಿವಬಸವ್ವನ ಮನೆ ತೋರಿಸಿದರು. ಹಂಚಿನ ಮನೆ, ಅಂಗಳದಲ್ಲಿ ಒಂದು ಎಮ್ಮೆ. ಭರಮಪ್ಪ ಬೈಕಿನ ಹತ್ತಿರವೇ ಉಳಿದ.

ಬಾಗಿಲು ತೆರೆದ ಹೆಂಗಸಿಗೆ ಐವತ್ತರ ಮೇಲೆ ಇದ್ದೀತು. ಅವ್ವನನ್ನು ನೋಡಿದ ಕೂಡಲೇ ಗುರುತಿಸಿದಳು. ಫ‌ೋಟೋ ದಿನಾ ನೋಡಿದ್ದಳಲ್ಲ!

"ಅಯ್ಯ ನಮ್ಮವ್ವಾ! ಖಾನಾಪುರದ ಅಜ್ಜಿ!" ಎಂದವಳೇ ಅವ್ವನ ಪಾದಕ್ಕೆ ಬಿದ್ದಳು. "ನಮ್ಮಂಥಾವ್ರ ಮನಿಗೆ ನೀವ ಬಂದ್ರೇನ್ರಿ? ಒಳಗ ಬರ್ರಿ, ಕುಂದರ್ರಿ."

"ಸೊಸಿ ಎಲ್ಲಿ?" ಅವ್ವ ಹೊಸ್ತಿಲು ದಾಟಿ, ನಿಂತೇ ಕೇಳಿದಳು.

"ಬೆಳಗಾವಿ ದವಾಖಾನ್ಯಾಗ ಅದಾಳ್ರಿ. ಆರ ದಿವಸಾತು. ಎಚ್ಚರಾ ತಪ್ಪಿದ್ಲು. ನನ್ನ ಮಗಾ ವಿನಯ ನನ್ನ ಮಾತ ಕೇಳದ ಎತ್ಕೊಂಡು ಹೋದ." ಅವಳ ಧ್ವನಿ ಒಡೆಯಿತು. "ಕೂಸ ಉಳೀಲಿಲ್ರಿ. ಹೆಣ್ಣ ಕೂಸು. ಹುಡುಗಿ ಜೀವಕ್ಕ ಭಯ ಇಲ್ಲಂತ ಡಾಕ್ಟರ್ ನಿನ್ನಿ ಅಂದಾರ."

ಹುಡುಗಿ ಬದುಕಿದ್ದಾಳೆ. ಪಡಸಾಲೆಯ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತುಬಿಟ್ಟೆ. ಬದುಕಿದ್ದಾಳೆ ಎಂದು ಸಮಾಧಾನ ಪಡಬೇಕೋ, ಕೂಸಿಗೆ ಅಳಬೇಕೋ ತಿಳಿಯಲಿಲ್ಲ. ಶಿವಬಸವ್ವ ಬೇಡವೆಂದರೂ ಕೇಳದೆ ಒಳಗೆ ಹೋಗಿ, ಮೂರು ಕಪ್ಪು ಚಹಾ ತಂದು ನಮ್ಮ ಮುಂದೆ ಇಟ್ಟಳು. ಆಮೇಲೆ ಅವ್ವನ ಮುಂದೆ ಕೈ ಮುಗಿದು ಕೂತಳು.

"ನಮ್ದ ತಪ್ಪಾತ್ರಿ ಅಜ್ಜಿ. ಐತವಾರ ಇನ್ನೊಂದೀಟು ನಿಂದ್ರಬೇಕಾಗಿತ್ತು, ನಿಂದ್ರಲಿಲ್ಲ. ದಿನಾ ನಿಮಗ ಬರೀತಿದ್ಲು. ಉತ್ತರ ಬರವಲ್ದು ಅಂತ ಅಳ್ತಿದ್ಲು. ಅಜ್ಜಿ ಸುಮ್ಮನ ಅದಾರಂದ್ರ ಅವರಿಗೇನೋ ಕಂಡಿರಬೇಕು, ತಡಿ, ಅಂತ ನಾನ ಅಂದೆ. ದವಾಖಾನಿ ಬ್ಯಾಡಂತ ನಾನ ತಡದೆ."

ಅಯ್ಯೋ ದೇವರೇ. ಅವಳು ನಮ್ಮ ಹತ್ತಿರ ಕ್ಷಮೆ ಕೇಳುತ್ತಿದ್ದಳು! ಬಯ್ಯಲಿ, ಹೊಡೆಯಲಿ ಎಂದು ಹಾದಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಇದಕ್ಕೆ ತಯಾರಾಗಿ ಬಂದಿರಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. "ಹೇಳು ಗಜ್ಯಾ."

"ಏನವ್ವಾ?"

"ನೀ ಮಾಡಿದ್ದು ಹೇಳು. ಈ ಮನಿಯಾಗ ಹೇಳು."

ಎಂಬತ್ತು ಮಂದಿ ತುಂಬಿದ ಬಸ್ಸಿನಲ್ಲಿ ಒದರಿದ ಗಂಟಲು ನನ್ನದು. ಆ ಮನೆಯಲ್ಲಿ ಮೆಲ್ಲಗೆ ಶುರು ಮಾಡಿದೆ. ಪ್ರಮಿಳಾ ತಲೆ ಬಗ್ಗಿಸಿ ಕೂತಿದ್ದಳು.

"ತಂಗಿ," ಅಂದೆ, "ನಿನ್ನ ಸೊಸಿ ಬರದದ್ದು ಅವ್ವಗ ಮುಟ್ಟೇ ಇಲ್ಲ. ಅದು ಹಪ್ಪಳಾ ಚಟ್ನಿ ಹುಡುಕೂ ಡಬ್ಬಿ."

"ಮತ್ತ 'ಏನು ಬೇಕ್ರಿ, ಇಲ್ಲಿ ಬರೀರಿ' ಅಂತ ಇತ್ತಲ್ರಿ?"

"ನಾನ ಬರಸಿದ್ದು."

"ಬರದದ್ದನ್ನ ಯಾರ ಓದತಿದ್ರು?"

"ಯಾರೂ ಓದತಿರಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅವ್ವನ ಮುಖ ನೋಡಿದಳು, ಪ್ರಮಿಳಾಳ ಮುಖ ನೋಡಿದಳು. ನಾನು ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಉಳಿದದ್ದನ್ನೂ ಹೇಳಿಬಿಟ್ಟೆ.

"ಬಸುರಿಗೆ ಔಷಧ ಇಲ್ಲ, ದವಾಖಾನಿಗೆ ಹೋಗ್ರಿ ಅನ್ನೂ ಮಾತು ಮೊದಲ ಅದರಾಗ ಇತ್ತು. ಅದನ್ನ ನಾನ ತಗಸಿದೆ. ಅದನ್ನ ಓದಿದ ಕೂಡ್ಲೆ ಮಂದಿ ಅಲ್ಲೇ ಇಳದ ಹೋಗತಿದ್ರು, ಮುಂದ ಬರತಿರಲಿಲ್ಲ. ಅದಕ್ಕ ತಗಸಿದೆ."

"ಇಳದು ಎಲ್ಲಿ ಹೋಗತಿದ್ರು?" ಶಿವಬಸವ್ವ ಮೆಲ್ಲಗೆ ಕೇಳಿದಳು.

ಎಷ್ಟು ಮಂದಿ ಇಳಿದರು ಎಂಬುದು ನನಗೆ ಬಾಯಿಪಾಠ ಇತ್ತು. ಎಲ್ಲಿಗೆ ಹೋದರು ಎಂದು ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

"ದವಾಖಾನಿಗೆ ಹೋಗತಿದ್ರು," ಅಂದಳು ಅವ್ವ.

ಶಿವಬಸವ್ವ ಎದ್ದಳು. ನಾನು ತಲೆ ತಗ್ಗಿಸಿ ಕಾದೆ. ಅವಳು ಬಗ್ಗಿ, ನನ್ನ ಮುಂದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡಳು. ಅವ್ವನದನ್ನು ಮುಟ್ಟಲಿಲ್ಲ, ಪ್ರಮಿಳಾಳದನ್ನೂ ಮುಟ್ಟಲಿಲ್ಲ. ಒಳಗೆ ಹೋಗಿ ಬಚ್ಚಲಿಗೆ ಅದನ್ನು ಚೆಲ್ಲಿದ ಸಪ್ಪಳ ಪಡಸಾಲೆಯಲ್ಲಿ ಕೂತ ನಮಗೆಲ್ಲ ಕೇಳಿಸಿತು.